ಎರಡನೇ ಡಿಕಾಕ್ಷನ್

ಥ್ಯಾಂಕ್ಸ್‌ಗಿವಿಂಗ್ ಸೇಲ್ ಮುಗಿದ ಮುಂದಿನ ವಾರ. ಅಮೆರಿಕದ ಶುಗರ್ ಲ್ಯಾಂಡ್ ಊರಿನ ಅಂಗಡಿಯೊಂದರ ರಿಟರ್ನ್ ಕೌಂಟರಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಗಂಡ, ಒಬ್ಬಳು ಹೆಂಡತಿ, ಅವರ ಕಾರ್ಟಿನಲ್ಲಿ ಪುಟ್ಟದೊಂದು ಎಸ್ಪ್ರೆಸೊ ಮಷಿನ್. ಮಾತು ಮೈಸೂರಿನದು.

“ವಾಪಸ್ ಕೊಡೋದು ಬೇಡ ರೀ, ಇಟ್ಕೊಳ್ಳೋಣ.”

“ಯಾಕೆ ವಾರಿಜಾ? ಮಿಕ್ಸಿಗಿಂತ ಜಾಸ್ತಿ ಸೌಂಡು. ಒಂದ್ಸಲಕ್ಕೆ ಎರಡೇ ಲೋಟ. ದಿನಾ ತೊಳೀಬೇಕು ಬೇರೆ.”

“ತೊಳೆಯೋದು ನಾನು ತಾನೆ?”

“ಪುಡೀನೂ ವೇಸ್ಟು. ಫಿಲ್ಟರ್ ಆದ್ರೆ ಅದೇ ಪುಡಿಗೆ ಇನ್ನೊಂದ್ಸಲ ಬಿಸಿನೀರು ಹಾಕಿ ಎರಡನೇ ಡಿಕಾಕ್ಷನ್ ತೆಗೀಬಹುದು. ಇದ್ರಲ್ಲಿ ಅದಿಲ್ಲ.”

“ಅದಿಲ್ಲ ಅಂತಾನೇ ನಂಗಿದು ಬೇಕು.”

“ಅಂದ್ರೆ?”

“ಆ ಎರಡನೇದನ್ನ ಇಷ್ಟು ವರ್ಷ ಯಾರು ಕುಡೀತಿದ್ರು ಅಂದ್ಕೊಂಡಿದೀರಿ?”

ಆತ ತಿರುಗಿ ಆಕೆಯ ಮುಖವನ್ನೇ ನೋಡಿದರು.

“ನೀನಾ? ಹನ್ನೊಂದು ವರ್ಷದಿಂದ?”

“ಹೂಂ. ನಮ್ಮನೇಲಿ ನಾನು ಸ್ಟ್ರಾಂಗ್ ಕಾಫಿ ಕುಡಿದಿದ್ದು ಹೋದ ವಾರಾನೇ ಮೊದಲು.”

“ಅಯ್ಯೋ ದೇವ್ರೇ! ನಂಗೆ ಒಂದ್ಮಾತು ಹೇಳ್ಬಾರ್ದಿತ್ತಾ? ಅದನ್ನ ಕುಡಿ ಅಂತ ನಿಂಗೆ ಹೇಳಿದ್ದಾದ್ರೂ ಯಾರು?”

“ಯಾರೂ ಹೇಳ್ಲಿಲ್ಲ. ಅತ್ತೆ ಕುಡೀತಿದ್ದಿದ್ದೇ ಅದು. ನಾನು ಮದುವೆಯಾಗಿ ಬಂದ್ಮೇಲೆ ಇಬ್ರೂ ಹಂಚ್ಕೊಂಡ್ವಿ.”

“ಅಮ್ಮಾನೂ?”

ಅಷ್ಟರಲ್ಲಿ ಅವರ ಸರದಿ ಬಂತು. ಮಷಿನ್ನಿಗೆ ಏನಾಗಿದೆ ಎಂದು ಕೌಂಟರಿನ ಅಮೆರಿಕನ್ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು.

“ಮಷಿನ್ನಿಗೆ ಏನೂ ಆಗಿಲ್ಲಮ್ಮ” ಎಂದು ಆತ ಕನ್ನಡದಲ್ಲೇ ಹೇಳಿ, ಕಾರ್ಟನ್ನು ಬಾಗಿಲ ಕಡೆಗೆ ತಿರುಗಿಸಿದರು.