ಹಿಮದ ಹಲಗೆ ಗುಡಿಸಿದವನು

ನಗುವವರು ಈಗಲೇ ನಕ್ಕುಬಿಡಿ. ಇದು ನಮ್ಮ ಪಕ್ಕದ ಮನೆಯ ಬಾರ್ಬ್ಲಾಗೆ ಆದದ್ದು. ಹಿಮಬೆಟ್ಟಗಳ ನಡುವಿನ ಎಂಗಾದೀನ್ ಕಣಿವೆಯ ತುದಿಯ ನಮ್ಮೂರಲ್ಲೇ ಆದದ್ದು.

ಆ ಚಳಿಗಾಲ ಊರಿನ ಹಿಮ ಅಳೆಯುವ ಕೆಲಸ ಅವಳದು. ಹುಲ್ಲುಗಾವಲಿನ ಮೂಲೆಯಲ್ಲಿ ಕೆಂಪು ಬಿಳಿ ಪಟ್ಟಿಯ ಅಳತೆಗಂಬ, ಅದರ ಪಕ್ಕದಲ್ಲಿ ಒಂದು ಬಿಳಿ ಹಲಗೆ. ಒಟ್ಟು ಎಷ್ಟು ಹಿಮ ನಿಂತಿದೆ ಅನ್ನುವುದನ್ನು ಕಂಬ ಹೇಳುತ್ತದೆ, ಹೊಸದಾಗಿ ಎಷ್ಟು ಬಿತ್ತು ಅನ್ನುವುದನ್ನು ಹಲಗೆ. ದಿನಾ ಬೆಳಗ್ಗೆ ಹಲಗೆಯ ಮೇಲೆ ಕೋಲು ಚುಚ್ಚಿ ಅಳೆದು, ಪೊರಕೆಯಿಂದ ಗುಡಿಸಿ, ಮತ್ತೆ ಹಿಮದ ಮೇಲೆ ಇಡಬೇಕು. ಹಲಗೆಯ ಮೇಲೆ ಅರವತ್ತು ಸೆಂಟಿಮೀಟರ್ ದಾಟಿತೋ, ಬೆಟ್ಟದ ಹಿಮ ಕುಸಿಯಬಹುದೆಂದು ಚರ್ಚಿನ ಗಂಟೆ ಬಾರಿಸಬೇಕು. ಕೆಳಕೇರಿಯವರು ಮನೆ ಬಿಟ್ಟು ಬಂಡೆಯ ಮರೆಯಲ್ಲಿರುವ ಚರ್ಚಿಗೆ ಬರಬೇಕು. ಅವಳ ತಂಗಿ ನೇಸಾ ಮೂರು ಮಕ್ಕಳ ಸಮೇತ ಇದ್ದದ್ದು ಅದೇ ಕೆಳಕೇರಿಯಲ್ಲಿ.

ಆ ದಿನ ಬೆಳಗ್ಗೆ ಹಲಗೆಯ ಮೇಲೆ ಇಪ್ಪತ್ತೆರಡು. ಕಂಬದ ಮೇಲೆ ನೋಡಿದರೆ ಒಂದೇ ರಾತ್ರಿಗೆ ಐವತ್ತರ ಮೇಲೆ ಏರಿದೆ. ಅವಳಿಗೆ ಸಮಾಧಾನವಾಗಲಿಲ್ಲ. ಸಂಜೆಯಾದರೂ ಹಿಮ ನಿಲ್ಲಲಿಲ್ಲ. ಊಟ ಮುಗಿಸಿ ನೇರ ಊರ ಯಜಮಾನ ತುಮಾಶನ ವಸತಿಗೃಹಕ್ಕೆ ಹೋದಳು.

"ಕಂಬದ ಬುಡಕ್ಕೆ ಗಾಳಿ ಹಿಮ ತಂದು ಸುರಿಯುತ್ತೆ ಕಣಮ್ಮಾ," ಅಂದ ತುಮಾಶ್. "ಹಲಗೆ ಹೇಳಿದ್ದೇ ಅಳತೆ. ಮನೆ ತುಂಬ ಅತಿಥಿಗಳಿದಾರೆ. ಗಂಟೆ ಹೊಡೆದು ಅವರನ್ನ ಹೆದರಿಸಿದ್ಯೋ, ನಾಳೆಯಿಂದ ಬೇರೆಯವರು ಅಳೀತಾರೆ."

"ಅಳೀಲಿ. ಅಳತೆ ಸುಳ್ಳಾಗಬಾರದು ಅಷ್ಟೇ," ಅಂದವಳು ಬಾಗಿಲು ಎಳೆದುಕೊಂಡು ಹೊರಟಳು.

ರಾತ್ರಿ ಹನ್ನೊಂದು. ಮತ್ತೊಮ್ಮೆ ಅಳೆಯಲು ಹೊರಟಳು, ಕೈಯಲ್ಲಿ ಲಾಟೀನು, ಅಳತೆಯ ಕೋಲು. ಹೆಪ್ಪುಗಟ್ಟಿದ ನೀರ್ತೊಟ್ಟಿ ದಾಟಿದಳು... ದೊಡ್ಡ ಮರ ದಾಟಿದಳು. ಹಿಮ ಬೀಳುವಾಗ ಊರಿಗೆ ಊರೇ ಕಿವುಡು. ತನ್ನ ಹೆಜ್ಜೆಯೇ ತನಗೆ ಕೇಳುವುದಿಲ್ಲ.

ಆದರೆ ಇದು ಕೇಳಿತು.

ಸರಕ್... ಸರಕ್... ಸರಕ್...

ಒಣ ಕಡ್ಡಿಪೊರಕೆ ಮರದ ಹಲಗೆಗೆ ಉಜ್ಜುವ ಸದ್ದು. ಅಳತೆಗಂಬದ ಕಡೆಯಿಂದ.

ಲಾಟೀನು ಎತ್ತಿ ಹಿಡಿದಳು. ಬಗ್ಗಿದ ಒಂದು ಬೆನ್ನು. ಆ ಬೆನ್ನಿನ ಮೇಲೆ ಹಿಮ ಬೀಳುತ್ತಿರಲಿಲ್ಲ... ಸುತ್ತ ಬೀಳುತ್ತಿತ್ತು. ಅವಳಿಗೆ ಗುರುತು ಸಿಕ್ಕಿತು. ಕಾಷ್ಪರ್. ಇಪ್ಪತ್ತು ವರ್ಷದ ಹಿಂದೆ ಊರಿಗೆ ಹಿಮ ಅಳೆಯುತ್ತಿದ್ದವನು. ಆಗಿನ ಯಜಮಾನನ ಮಾತು ಕೇಳಿ, ನಡುರಾತ್ರಿ ಕದ್ದು ಒಂದು ಸಲ ಹಲಗೆ ಗುಡಿಸಿಬಿಡುತ್ತಿದ್ದ. ಬೆಳಗ್ಗೆ ಅಳತೆ ಅರ್ಧ. ಗಂಟೆ ಬಾರಿಸಲಿಲ್ಲ. ಹಾಗೇ ಒಂದು ರಾತ್ರಿ ಹಿಮಕುಸಿತ ಆರು ಜನರನ್ನು ಹೊತ್ತೊಯ್ದಿತು, ಏಳನೆಯವನು ಅವನೇ. ಅವನ ಹೆಣ ಕೊನೆಗೂ ಸಿಗಲಿಲ್ಲ.

ಬಾರ್ಬ್ಲಾಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು.

"ನಿಲ್ಸು ಮಾವ," ಅಂದಳು ಮೆಲ್ಲಗೆ.

ಸದ್ದು ನಿಂತಿತು. ತಿರುಗದೆಯೇ ಅವನು ಪಿಸುಗುಟ್ಟಿದ.

"ಅರ್ಧ ಸಾಕು... ಮಲಗಿರಲಿ ಬಿಡು... ಎಲ್ಲರೂ ಮಲಗಿರಲಿ..."

"ನಿನ್ನ ಕಾಲದಲ್ಲಿ ಮಲಗಿದೋರು ಇನ್ನೂ ಎದ್ದಿಲ್ಲ."

ಪೊರಕೆ ಮತ್ತೆ ಎದ್ದಿತು. ಇವಳು ಹೋಗಿ ನಡುವೆ ನಿಂತೇಬಿಟ್ಟಳು. ಹಲಗೆಯ ಅರ್ಧ ಭಾಗ ಬರಿದಾಗಿತ್ತು, ಇನ್ನರ್ಧದ ಮೇಲೆ ಹಿಮ ಗೋಡೆಯ ಹಾಗೆ ನಿಂತಿತ್ತು. ಎದೆಗೆ ಐಸು ಒತ್ತಿದಂತಹ ಚಳಿ. ಹಾಗೇ ಬಗ್ಗಿ ಕೋಲು ಚುಚ್ಚಿದಳು.

"ಕಣ್ಣಿದ್ರೆ ನೋಡ್ಕೋ. ಅರವತ್ನಾಲ್ಕು. ನೀನು ಇಡೀ ಬೆಟ್ಟ ಗುಡಿಸಿದ್ರೂ ಇದು ಅರವತ್ನಾಲ್ಕೇ. ನಾನು ಗಂಟೆ ಹೊಡೀತೀನಿ. ಬೇಕಾದ್ರೆ ನನ್ನ ತಡಿ, ಇಲ್ಲಾ ನೀನೂ ಬಾ."

ಬೆನ್ನು ತಿರುಗಿಸಿ ನಡೆದಳು. ಹಿಂದಿನಿಂದ ಕ್ರಚ್... ಕ್ರಚ್... ಅಡಿಗೆ ಮೊಳೆ ಹೊಡೆದ ಬೂಟಿನ ಹೆಜ್ಜೆ. ಅವಳು ತಿರುಗಿ ನೋಡಲಿಲ್ಲ. ಓಡಲೂ ಇಲ್ಲ. ಹಗ್ಗ ಹಿಡಿದು ಅಂಗೈ ಸುಲಿಯುವ ತನಕ ಗಂಟೆ ಬಾರಿಸಿದಳು.

ಬೈದುಕೊಂಡೇ ಬಂದರು ಎಲ್ಲರೂ. ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ನೇಸಾ ಬಂದಳು. ಮಲಗುವ ಅಂಗಿಯಲ್ಲೇ ಬಂದ ತುಮಾಶ್ ಗುಡುಗಿದ: "ಬೆಳಗಾಗಲಿ, ನಿನ್ನನ್ನ ಕೆಲಸದಿಂದ ಕಿತ್ತು ಹಾಕ್ತೀನಿ."

"ಹಾಕಿ ಯಜಮಾನ್ರೇ. ಮೊದಲು ಬೆಳಗಾಗಲಿ."

ಎರಡು ಗಂಟೆಗೆ ಮೇಲೆಲ್ಲೋ ಧುಪ್ ಎಂದಿತು, ಯಾರೋ ದಪ್ಪ ಬಾಗಿಲು ಮುಚ್ಚಿದ ಹಾಗೆ. ಆಮೇಲೆ ಗಾಳಿ. ಚರ್ಚಿನ ದೀಪಗಳೆಲ್ಲ ಒಂದೇ ಸಲಕ್ಕೆ ಆರಿದವು. ಬೆಳಕು ಹರಿದಾಗ ಕೆಳಕೇರಿಯ ಹನ್ನೊಂದು ಮನೆಗಳಲ್ಲಿ ಒಂದೂ ಇರಲಿಲ್ಲ. ಮನುಷ್ಯರು ಮಾತ್ರ ಎಲ್ಲರೂ ಇದ್ದರು.

ಮಧ್ಯಾಹ್ನ ಊರು ನೋಡಲು ಹೊರಟಾಗ, ಚರ್ಚಿನ ಒಲೆಯ ಮುಂದೆ ಒಣಗಲು ಇಟ್ಟಿದ್ದ ಬೂಟುಗಳನ್ನು ಅವರವರು ಹಾಕಿಕೊಂಡರು. ಒಂದು ಜೊತೆ ಉಳಿಯಿತು. ಹಳೇ ಕಾಲದ ಮೊಳೆ ಬೂಟು, ಯಾರದೂ ಅಲ್ಲ. ರಾತ್ರಿಯಿಡೀ ಉರಿದ ಒಲೆಯ ಪಕ್ಕದಲ್ಲೇ ಇತ್ತು. ಆದರೂ ಅದರೊಳಗೆ ತುಂಬಿದ್ದ ಹಿಮ ಒಂದು ಹನಿಯೂ ಕರಗಿರಲಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅದರೊಳಗೆ ಬೆರಳಿಟ್ಟು ನೋಡಿದವರಲ್ಲಿ ನಾನೂ ಒಬ್ಬ.