ಯಾರ ಕೊರಳಿಗೂ ಆಗದ ಅಂಗಿ

ಅಧ್ಯಕ್ಷರ ಕುರ್ಚಿಯಲ್ಲಿ ಅಳತೆಗೆ ನಿಂತವರಂತೆ ಬಿಗಿಯಾಗಿ ಕುಳಿತಿರುವ, ನನ್ನ ದೊಡ್ಡಪ್ಪನ ಮಗ ದೊಡ್ಡಣ್ಣನವರೇ, ಅವರ ಪಕ್ಕದಲ್ಲಿ ನಿದ್ದೆಯನ್ನು ತಡೆಹಿಡಿದು ಕುಳಿತಿರುವ ಮುಖ್ಯ ಅತಿಥಿ ಚಿಕ್ಕಜ್ಜಿಯವರೇ, ಮುಂದಿನ ಸಾಲಿಗೆ ಬಾ ಎಂದು ಎಷ್ಟು ಗೋಗರೆದರೂ ಕೇಳದೆ ಕೊನೆಯ ಸಾಲಿನಲ್ಲಿ ಕುಳಿತಿರುವ ನನ್ನ ಅತ್ತೆಯೇ, ಮತ್ತು ಟೀ ಯಾವಾಗ ಬರುತ್ತದೆ ಎಂದು ಈಗಿನಿಂದಲೇ ಬಾಗಿಲು ನೋಡುತ್ತಿರುವ ಸಮಸ್ತ ನೆಂಟರಿಷ್ಟರೇ, ಸಭಿಕರೇ,

ನಮ್ಮ ವಂಶವೃಕ್ಷವನ್ನು ಬರೆದು ಮುಗಿಸಿದ್ದಕ್ಕೆ ನನಗೆ ಈ ಸನ್ಮಾನ. ಹೂಗುಚ್ಛ ಕೊಟ್ಟಿರಿ, ಚಪ್ಪಾಳೆ ತಟ್ಟಿದಿರಿ, ಸಂತೋಷ. ಆದರೆ ಮೈಕು ಕೊಟ್ಟದ್ದು ಮಾತ್ರ ನಿಮ್ಮ ತಪ್ಪು. ಕೆಲಸದಲ್ಲಿ ಇದ್ದಷ್ಟು ಕಾಲವೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಪರರ ಮಾತಿಗೆ ಮಾತು ಜೋಡಿಸಿದವಳು ನಾನು. ನನ್ನ ಸ್ವಂತ ಮಾತು ಇನ್ನೂ ಎಲ್ಲಾ ಹಾಗೇ ಉಳಿದಿದೆ.

ವಂಶವೃಕ್ಷ ಬರೆಯುವುದೆಂದರೆ ಏನೆಂದುಕೊಂಡಿದ್ದೀರಿ? ಹತ್ತು ಮನೆಗೆ ಹೋಗಿ ಹನ್ನೊಂದು ಕಥೆ ಕೇಳಿಕೊಂಡು ಬರುವುದು. ಒಬ್ಬ ಚಿಕ್ಕಪ್ಪ, ನಮ್ಮ ಮುತ್ತಜ್ಜ ರಾಜರಿಗೆ ಕೋಟು ಹೊಲಿದ ಎಂದರು. ಅವರ ಹೆಂಡತಿ ಒಳಗಿನಿಂದಲೇ, "ಕೋಟಲ್ಲ, ಕೋಟಿನ ಗುಂಡಿ ಹಾಕಿದ್ದು. ಅದೂ ರಾಜನ ಕುದುರೆ ನೋಡಿಕೊಳ್ಳೋನದು" ಎಂದರು. ಎರಡನ್ನೂ ಬರೆದುಕೊಂಡೆ. ಇಬ್ಬರ ಮನೆಯಲ್ಲೂ ಟೀ ಕುಡಿದಿದ್ದೆನಲ್ಲ, ಏನು ಮಾಡಲಿ? ಇಬ್ಬರದ್ದೂ ಒಂದೇ ಮನೆ ಎಂಬುದು ಬೇರೆ ವಿಷಯ.

ಕಥೆ ಬಿಟ್ಟು ಕಾಗದ ಹುಡುಕೋಣ ಎಂದರೆ, ನಮ್ಮದು ದರ್ಜಿಗಳ ಮನೆತನ. ಬೇರೆ ಮನೆಗಳಲ್ಲಿ ಹಳೆಯ ಪತ್ರಗಳನ್ನು ಪೆಟ್ಟಿಗೆಯಲ್ಲಿ ಇಡುತ್ತಾರೆ. ನಮ್ಮ ತಾತ ಅವುಗಳನ್ನು ಹಿಟ್ಟಿನ ಅಂಟಿನಿಂದ ಒಂದಕ್ಕೊಂದು ಅಂಟಿಸಿ, ರಟ್ಟಿನಂತೆ ಗಟ್ಟಿ ಮಾಡಿ, ಅಂಗಿಯ ಅಳತೆಗೆ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆದರೆ ಆಯಿತು. ಹೀಗಾಗಿ ನಮ್ಮ ಮನೆತನದ ಸುಖದುಃಖವೆಲ್ಲ ಕಾಲರಿನ ಆಕಾರದಲ್ಲಿದೆ. ಯಾರದೋ ಮದುವೆಯ ಸುದ್ದಿ ಕಂಕುಳಲ್ಲಿ ಮುಗಿಯುತ್ತದೆ.

ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ತಾತ ಹೋದ ಮೇಲೆ ದೊಡ್ಡಪ್ಪನೂ ನನ್ನ ಅಪ್ಪನೂ ಅಂಗಡಿ ಪಾಲು ಮಾಡಿಕೊಂಡರು. ಕತ್ತರಿ, ಮೆಷೀನು ಎಲ್ಲಾ ಸರಿಯಾಗಿಯೇ ಹಂಚಿಕೆಯಾಯಿತು. ತಾತನ ಕಾಗದದ ತುಂಡುಗಳ ಹತ್ತಿರ ಬಂದಾಗ ಜಗಳ ಹತ್ತಿತು. ಕೊನೆಗೆ ಎದೆ, ಬೆನ್ನಿನ ತುಂಡುಗಳೆಲ್ಲ ದೊಡ್ಡಪ್ಪನಿಗೆ, ತೋಳು, ಕಾಲರು, ಪಟ್ಟಿಗಳೆಲ್ಲ ಅಪ್ಪನಿಗೆ! ಇಬ್ಬರಲ್ಲಿ ಒಬ್ಬರಿಗಾದರೂ ತಲೆ ಬೇಡವೇ? ಅಂದಿನಿಂದ ದೊಡ್ಡಪ್ಪ ಹೊಲಿದ ಅಂಗಿ ಮೈಗೆ ಚೆನ್ನಾಗಿ ಕೂರುತ್ತಿತ್ತು, ತೋಳು ಮಾತ್ರ ಒಂದು ಉದ್ದ ಒಂದು ಗಿಡ್ಡ. ನನ್ನ ಅಪ್ಪನ ಅಂಗಿಯ ಕಾಲರು ನೆಟ್ಟಗೆ ನಿಲ್ಲುತ್ತಿತ್ತು, ಕೆಳಗಿನದೆಲ್ಲ ದಿಂಬಿನ ಚೀಲ. ಗಿರಾಕಿಗಳು ನಗುತ್ತಿದ್ದರು, ಇವರಿಬ್ಬರು ಮಾತು ಬಿಟ್ಟರು. ಅವರು ಬಿಟ್ಟರೆಂದು ನಾವು ಮಕ್ಕಳೂ ಬಿಟ್ಟೆವು. ಊರಿನವರ ಮಾತೆಲ್ಲ ಜೋಡಿಸುತ್ತಿದ್ದ ನಾನು ದೊಡ್ಡಣ್ಣನಿಗೆ ಒಂದೇ ಒಂದು ಫೋನು ಮಾಡಲಿಲ್ಲ ನೋಡಿ.

ಈ ಪಾಲಿನಲ್ಲಿ ಯಾರಿಗೂ ನೆನಪಾಗದವಳು ಅತ್ತೆ. ಅಪ್ಪ, ದೊಡ್ಡಪ್ಪ ಇಬ್ಬರೂ ಅವಳನ್ನು ತಂಗಿ ಎನ್ನುತ್ತಿದ್ದರು. ನೆಂಟರು ಮಾತ್ರ, ಕೋಪ ಮಾಡಿಕೊಳ್ಳಬೇಡಿ, ನೀವೇ, ಅವಳ ಬೆನ್ನ ಹಿಂದೆ, "ಅವಳು ನಮ್ಮವಳಲ್ಲ, ಎಲ್ಲಿಂದಲೋ ಬಂದವಳು" ಎನ್ನುತ್ತಿದ್ದಿರಿ. ಬೆನ್ನ ಹಿಂದೆ ಎಂದುಕೊಂಡವರು ನೀವು. ಅಂಗಡಿಯ ಮೂಲೆಯಲ್ಲಿ ಕುಳಿತು ಗುಂಡಿ ಹೊಲಿಯುವವಳಿಗೆ ಕಿವಿ ಇರುವುದಿಲ್ಲವೇ? ನನ್ನ ಅಮ್ಮ ಬೇಗ ಹೋದಳು. ಆಮೇಲೆ ನನ್ನ ಜಡೆ ಹೆಣೆದವಳು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದವಳು, ಪರೀಕ್ಷೆಯಲ್ಲಿ ಫೇಲಾದಾಗ ಅಪ್ಪನ ಎದುರಿಗೆ ಅಡ್ಡ ನಿಂತವಳು... ಇರಲಿ, ಮಾತು ಎಲ್ಲಿಗೋ ಹೋಯಿತು. ಒಂದು ಗುಟುಕು ನೀರು ಕುಡಿಯುತ್ತೇನೆ.

ಕಳೆದ ತಿಂಗಳ ಪೂರ್ವಭಾವಿ ಸಭೆ ನಿಮಗೆ ನೆನಪಿದೆ. "ಅವಳ ಹೆಸರು ಹಾಕಿ, ಬೇಡ ಅನ್ನಲ್ಲ. ಆದ್ರೆ ಗೆರೆ ಬೇಡ, ಚುಕ್ಕಿ ಚುಕ್ಕಿ ಹಾಕಿ" ಎಂದಿರಿ. ಅಂದು ಮನೆಗೆ ಬಂದರೆ ಅತ್ತೆಗೆ ಆಗಲೇ ಸುದ್ದಿ ಮುಟ್ಟಿತ್ತು. "ನಾನು ಯಾರ ಮಗಳು ಅಂತ ಸರಿಯಾಗಿ ಗೊತ್ತು ಮಾಡ್ಕೊಂಡು ಬರಿ ಕಣೆ. ನನ್ನ ಮೇಲಿನ ಪ್ರೀತಿಗೆ ಸುಳ್ಳು ಬರೀಬೇಡ" ಎಂದಳು. ಸೂಜಿಯಿಂದ ಕಣ್ಣು ಎತ್ತಲಿಲ್ಲ. ನಾನು ಅಪ್ಪನ ಪಾಲಿನ ತುಂಡುಗಳ ಗಂಟು ಬಿಚ್ಚಿದೆ.

ನನ್ನ ಪಾಲಿನ ಒಂದು ತೋಳಿನ ಮೇಲೆ ತಾತನ ಅಕ್ಕನ ಕೈಬರಹವಿತ್ತು. ಬೇರೆ ಊರಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು ಅವರು. "ತಮ್ಮಾ, ಗೊತ್ತಿರುವವರ ಜೊತೆ ಮಗುವನ್ನು ಕಳಿಸುತ್ತಿದ್ದೇನೆ. ಹೆಣ್ಣು ಮಗು, ಹೆಚ್ಚು ಅಳುವುದಿಲ್ಲ. ಇದರ ತಾಯಿ ಯಾರೆಂದರೆ", ಅಲ್ಲಿಗೆ ತೋಳು ಮುಗಿಯಿತು! ಹಾಳೆಯ ಉಳಿದ ಭಾಗ ಎಲ್ಲಿರಬೇಕು? ಎದೆಯಲ್ಲಿ. ಎದೆ ಯಾರ ಮನೆಯಲ್ಲಿ? ಮಾನ್ಯ ಅಧ್ಯಕ್ಷರ ಮನೆಯಲ್ಲಿ.

ತೋಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಬಾಗಿಲು ತೆಗೆದ ದೊಡ್ಡಣ್ಣ ನನ್ನನ್ನು ನೋಡಿದ, ತೋಳನ್ನು ನೋಡಿದ. ಇಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು, "ಬಲತೋಳಾ, ಎಡತೋಳಾ?" ನನಗೆ ನಗು ಬಂತು. ಬೈಯುವುದಕ್ಕೆ ಅಂತ ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಹೋಗಿದ್ದೆಲ್ಲ ವ್ಯರ್ಥವಾಯಿತು.

ಅವನ ಕತ್ತರಿಸುವ ಮೇಜಿನ ಮೇಲೆ ತುಂಡುಗಳನ್ನೆಲ್ಲ ಹರಡಿದೆವು. ಹೊಂದುವ ಎದೆಯ ತುಂಡು ಸಿಕ್ಕಿತು. ಅದೇ ಕೈಬರಹ, ಅದೇ ಮಾಸಿದ ಶಾಯಿ. ಆದರೆ ಆ ತಾಯಿಯ ಹೆಸರು ಇರಬೇಕಾದ ಜಾಗದಲ್ಲಿ ಏನಿತ್ತು ಗೊತ್ತೇ? ಕುತ್ತಿಗೆ. ಅಂದರೆ ಏನೂ ಇರಲಿಲ್ಲ. ಕತ್ತರಿ ಅಷ್ಟನ್ನೂ ತೆಗೆದುಕೊಂಡು ಹೋಗಿತ್ತು. ನಾನು ಕುರ್ಚಿಯಲ್ಲಿ ಕುಸಿದು ಕುಳಿತು ಅತ್ತುಬಿಟ್ಟೆ. ಅತ್ತೆಗೆ ಏನಂತ ಹೇಳಲಿ?

ದೊಡ್ಡಣ್ಣ ಮಾತ್ರ ಟೇಪು ಹಿಡಿದು ಆ ಕುತ್ತಿಗೆಯನ್ನು ಅಳೆಯುತ್ತಿದ್ದ. ಇನ್ನೊಮ್ಮೆ ಅಳೆದ. "ಏನೋ ಸರಿ ಇಲ್ಲ ಕಣೆ. ಇಲ್ಲಿ ಭುಜವೇ ಉಳಿದಿಲ್ಲ. ಇದನ್ನಿಟ್ಟು ಅಂಗಿ ಹೊಲಿದ್ರೆ ಹಾಕ್ಕೊಂಡೋನ ಮೈಯಿಂದ ಜಾರಿ ಬೀಳತ್ತೆ. ತಾತ ಕಣ್ಣು ಮುಚ್ಕೊಂಡು ಕತ್ತರಿಸಿದ್ರೂ ಕುತ್ತಿಗೆ ಹೀಗೆ ಕೆಡಿಸೋರಲ್ಲ" ಎಂದ. ಅಂಚಿನಲ್ಲಿ ಸೀಮೆಸುಣ್ಣದ ಒಂದು ಕಲೆಯೂ ಇರಲಿಲ್ಲ. ಅದನ್ನಿಟ್ಟು ಯಾರಿಗೂ ಯಾವತ್ತೂ ಅಂಗಿ ಹೊಲಿದಿರಲಿಲ್ಲ.

ಇಬ್ಬರೂ ಆಗಲೇ ಚಿಕ್ಕಜ್ಜಿಯ ಮನೆಗೆ ಓಡಿದೆವು. ನಮ್ಮ ಅಜ್ಜಿಯ ತಂಗಿ, ಮಗು ಬಂದ ದಿನ ಅಕ್ಕನ ಮನೆಯಲ್ಲೇ ಇದ್ದವರು. ತುಂಡನ್ನು ನೋಡಿದ ಕೂಡಲೇ, "ಓ, ಇದಾ? ಅಕ್ಕ ಮಗು ಎತ್ಕೊಂಡು ನಿಂತಿದ್ಲು. ಭಾವ ಕಾಗದ ಓದಿದ್ರು, ಅಂಟಿಸಿದ್ರು, ಒಣಗಿದ ಮೇಲೆ ಕತ್ತರಿಸಿದ್ರು. ಆ ಕುತ್ತಿಗೆ ಚೂರನ್ನ ಇಸ್ತ್ರಿ ಪೆಟ್ಟಿಗೆ ಕೆಂಡದೊಳಗೆ ಹಾಕಿದ್ರು. ಅದೇ ಇಸ್ತ್ರೀಲಿ ಮಗುವಿನ ಬಟ್ಟೆ ಇಸ್ತ್ರಿ ಮಾಡಿದ್ರು" ಎಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಚಿಕ್ಕಜ್ಜಿ ಎಂದರೆ, "ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ" ಎಂದು ಬಾಯಿಗೆ ಬಿಸ್ಕತ್ತು ಹಾಕಿಕೊಂಡರು. ನೋಡಿ, ಈಗಲೂ ನಗುತ್ತಿದ್ದಾರೆ.

ಇದನ್ನೆಲ್ಲ ನಾನೂ ದೊಡ್ಡಣ್ಣನೂ ಒಟ್ಟಿಗೆ ಹೋಗಿ ಅತ್ತೆಗೆ ಹೇಳಿದೆವು. ಅವಳು ಆ ತುಂಡನ್ನು ಮಡಿಲಿನಲ್ಲಿಟ್ಟುಕೊಂಡು, ಕುತ್ತಿಗೆಯ ಅಂಚಿನ ಮೇಲೆ ಬೆರಳು ಆಡಿಸಿದಳು. "ಅಪ್ಪ ಬೇಕು ಅಂತಲೇ ಕತ್ತರಿಸಿದ್ರಾ?" ಎಂದಳು. ಹೌದು ಅತ್ತೆ ಎಂದೆ. "ಅಪ್ಪ ಕುತ್ತಿಗೆ ಕೆಡಿಸಿದ್ರು ಅಂತ ಹೊರಗೆಲ್ಲೂ ಹೇಳ್ಬೇಡಿ. ಅವರ ಹೆಸರು ಹಾಳಾಗತ್ತೆ" ಎಂದಳು, ಕಣ್ಣು ಒರೆಸಿಕೊಂಡಳು. ಕ್ಷಮಿಸು ಅತ್ತೆ, ಮೈಕಿನಲ್ಲೇ ಹೇಳಿಬಿಟ್ಟೆ.

ಈಗ ಹೇಳಿ ಸಭಿಕರೇ, ನಾನು ಹುಡುಕಿದ್ದು ತಪ್ಪೇ? ಇರಬಹುದು. ಆದರೆ ಹುಡುಕದೆ ಇದ್ದಿದ್ದರೆ, ತಾತನ ಮನಸ್ಸಿನಲ್ಲಿ ಏನಿತ್ತೆಂದು ಅತ್ತೆಗೆ ಯಾರು ಹೇಳುತ್ತಿದ್ದರು? ನನ್ನ ಹಿಂದೆ ಬಟ್ಟೆ ಮುಚ್ಚಿರುವ ಈ ಚಿತ್ರಪಟದಲ್ಲಿ ತಾತನ ಕೆಳಗೆ ಮೂರು ಗೆರೆಗಳಿವೆ. ಮೂರನ್ನೂ ಎಳೆದವರು ಅಧ್ಯಕ್ಷರು, ಅವರದೇ ಅಳತೆಪಟ್ಟಿ ಇಟ್ಟು. ಮೂರೂ ಒಂದೇ ದಪ್ಪ. ಚುಕ್ಕಿ ಬೇಕೆಂದವರು ಟೀ ಆದ ಮೇಲೆ ಅವರ ಹತ್ತಿರ ಮಾತಾಡಬಹುದು, ಅವರ ಜೇಬಿನಲ್ಲಿ ಕತ್ತರಿ ಇದೆ.

ಹೆಸರಿನ ಮುಂದೆ ಏನು ಬರೆಯಲಿ ಎಂದು ನಿನ್ನೆ ಅತ್ತೆಯನ್ನೇ ಕೇಳಿದೆ. "ಮಗಳು ಅಂತ ಬರಿ. ದೊಡ್ಡ ಅಕ್ಷರದಲ್ಲಿ ಬರಿ. ನನಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ, ಎಷ್ಟು ದೂರ ಕೂತ್ರೂ ಓದೋಕೆ ಆಗ್ಬೇಕು" ಎಂದಳು.

ಅತ್ತೆ, ಎದ್ದು ಬಾ. ಈ ಬಟ್ಟೆಯನ್ನು ನೀನೇ ಸರಿಸಬೇಕು. ದಾರಿ ಬಿಡಿ, ಅವಳು ಬರುತ್ತಿದ್ದಾಳೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ, ನಮಸ್ಕಾರ.