ಸೀಟಿನ ಕೆಳಗಿನ ಬಿಳಿ ಟೇಪು

ಅನಸೂಯಕ್ಕನವರಿಗೆ, ಮಗಳು ಪಾವನಾಗೆ, ಭಾನುವಾರದ ಮಧ್ಯಾಹ್ನದ ನಿದ್ದೆ ಬಿಟ್ಟು ಕಳಮಶ್ಶೇರಿಯ ಈ ಪುಟ್ಟ ಹಾಲ್‌ಗೆ ಬಂದಿರುವ ನಮ್ಮ ಕನ್ನಡ ಬಳಗದ ಎಲ್ಲರಿಗೂ ನಮಸ್ಕಾರ. ನಾನು ಪ್ರಮೋದ್. ಏಲೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಹಯವದನ ರಾಯರ ಪಕ್ಕದ ಮೇಜಿನಲ್ಲಿ ಕೂತವನು. ಈಗಲೂ ಆ ಕಡೆ ತಿರುಗಿ ಮಾತಾಡಿಬಿಡುತ್ತೇನೆ — ಅಭ್ಯಾಸ ಬಿಡುತ್ತಿಲ್ಲ.

ಹೊರಗೆ ಸ್ಕೂಟರ್ ನಿಲ್ಲಿಸಿದ್ದೀರಲ್ಲ, ಹೋಗುವಾಗ ಸೀಟ್ ಎತ್ತಿ ನೋಡಿ. ಇಷ್ಟೇ — ಒಂದು ಬೆರಳುದ್ದದ ಬಿಳಿ ಟೇಪು ಅಂಟಿರುತ್ತದೆ. ಅದರ ಮೇಲೆ ರಾಯರ ಕೈಬರಹ, ಕನ್ನಡ ಅಂಕಿಯಲ್ಲಿ ನಿಮ್ಮ ಬ್ಯಾಟರಿಯ ವೋಲ್ಟು. ನಿಂತಾಗ ೧೨.೬. ಓಡುವಾಗ ೧೪.೨.

ರಾಯರು ನಮ್ಮ ಗಾಡಿಗಳನ್ನು ನೋಡಿಕೊಡುತ್ತಿದ್ದ ಆ ಭಾನುವಾರಗಳು ನನಗೆ ಈಗ ಕನಸಿನಲ್ಲಿ ಕಂಡವೇನೋ ಅನ್ನಿಸುತ್ತವೆ. ಅವರ ಕ್ವಾರ್ಟರ್ಸ್ ಮುಂದಿನ ಹಲಸಿನ ನೆರಳು, ನದಿ ಕಡೆಯ ಗಾಳಿ, ಆ ಗಾಳಿಯಲ್ಲಿ ತೇಲಿ ಬರುವ ಅಮೋನಿಯದ ಸಣ್ಣ ಘಾಟು, ಒಳಗೆ ಅನಸೂಯಕ್ಕನ ಒಗ್ಗರಣೆ. ರಾಯರು ಯಾವ ಆತುರವೂ ಇಲ್ಲದೆ ಮೀಟರಿನ ವೈರು ಬಿಡಿಸುತ್ತಾ ಕೂತಿರುತ್ತಿದ್ದರು.

ಮೊದಲ ಸಲ ಹೋದಾಗ ನಾನು, "ಬ್ಯಾಟರಿ ಹೋಯ್ತು ರಾಯರೇ, ಇದು ಎರಡನೇದು," ಅಂದೆ.

"ಅಳೆದ್ರಾ?"

"ಇಲ್ಲ."

"ಮತ್ತೆ ಪಾಪ, ಅದನ್ನ ಯಾಕೆ ಬೈತೀರಿ?"

ಇಂಜಿನ್ ಚಾಲೂ ಮಾಡಿ, ಆಕ್ಸಲರೇಟರ್ ಹೀಗೆ — ಸ್ವಲ್ಪವೇ — ತಿರುಗಿಸಿ, "ಒಂದು ನಿಮಿಷ ಯಾರೂ ಮಾತಾಡಬೇಡಿ, ಅಂಕಿ ನಿಲ್ಲಲಿ" ಅಂದರು. ಮೀಟರಿಗೇನು ಕಿವಿಯಿದೆಯೇ ಅಂತ ಕೇಳಿದರೆ ನಕ್ಕುಬಿಟ್ಟರು. ಅಂಕಿ ಏರಲೇ ಇಲ್ಲ. ಬ್ಯಾಟರಿಗೆ ಊಟವೇ ಸಿಗುತ್ತಿಲ್ಲ, ತಪ್ಪು ಅದರದಲ್ಲ ಅಂದರು. ಕೊನೆಗೆ ಸಿಕ್ಕಿದ್ದು, ಇಂಜಿನ್ನಿನಿಂದ ಬ್ಯಾಟರಿಗೆ ಕರೆಂಟು ಕೊಡುವ ರೆಕ್ಟಿಫೈಯರ್, ಸುಟ್ಟುಹೋಗಿತ್ತು.

ಈ ಸಲ ಓಣಂ ಮುಗಿದ ಮೇಲೆ ರಾಯರು ಆಫೀಸಿನ ಮೆಟ್ಟಿಲ ನಡುವೆ ನಿಲ್ಲತೊಡಗಿದರು. "ಸುಸ್ತು ಪ್ರಮೋದ್. ವಯಸ್ಸಾಯ್ತಲ್ಲ, ಬ್ಯಾಟರಿ ಹಳೇದು," ಅಂದರು. ನಾನು ನಕ್ಕೆ.

— ನಾನು ನಕ್ಕೆ, ಅನಸೂಯಕ್ಕ. ಅಳೆಸಿದ್ರಾ ಅಂತ ಕೇಳಲಿಲ್ಲ. ಹದಿನೇಳು ವರ್ಷ ಅವರು ನನ್ನನ್ನು ಕೇಳಿದ ಪ್ರಶ್ನೆಯನ್ನು ನಾನು ಒಂದೇ ಒಂದು ಸಲ ಅವರನ್ನು ಕೇಳಲಿಲ್ಲ. ಹನ್ನೆರಡು ದಿನಕ್ಕೆ ಅವರ ಎದೆಬಡಿತ ನಿಂತಿತು. ಇದನ್ನು ನಿಮ್ಮ ಎದುರು ಒಪ್ಪಿಕೊಳ್ಳಬೇಕೆಂದೇ ಇವತ್ತು ಮಾತಿಗೆ ನಿಂತೆ. ಕ್ಷಮಿಸಿ.

ಅವರು ಹೋದ ಮೇಲೆ ಅವರ ಸ್ಕೂಟರೂ ನಿಂತುಹೋಯಿತು. ಬ್ಯಾಟರಿ ಸತ್ತಿದೆ, ಗಾಡಿ ಮಾರಿಬಿಡಿ ಅಂದರು ಎಲ್ಲರೂ. ಪಾವನಾ ಒಪ್ಪಲಿಲ್ಲ. ನಿನ್ನೆ ನಾವಿಬ್ಬರೂ ಸೀಟ್ ಎತ್ತಿದೆವು. ಅಲ್ಲಿ ಟೇಪೇ ಇರಲಿಲ್ಲ. ನಮ್ಮೆಲ್ಲರದನ್ನೂ ಅಳೆದವರು ತಮ್ಮದನ್ನು ಅಳೆದೇ ಇರಲಿಲ್ಲ.

ಬ್ಯಾಟರಿ ಚಾರ್ಜ್ ಮಾಡಿ ಇಂಜಿನ್ ಚಾಲೂ ಮಾಡಿದೆವು. "ಕೂಡುನ್ನಿಲ್ಲ ಅಂಕಲ್," ಅಂದಳು ಅವಳು ಮಲಯಾಳದಲ್ಲಿ — ಏರುತ್ತಿಲ್ಲ ಅಂತ. ವೈರುಗಳನ್ನು ಒಂದೊಂದಾಗಿ ಹಿಡಿದು ಹೋದೆವು. ವೈರು ಕೂಡಿಸುವ ಒಂದು ಕಪ್ಲರಿನೊಳಗೆ ಹಸಿರು ಕಿಲುಬು, ಅಷ್ಟೇ. ತಿಕ್ಕಿ ಜೋಡಿಸಿ ಮತ್ತೆ ಚಾಲೂ ಮಾಡಿದೆವು. ಅಪ್ಪ ಏನು ಕೇಳಿದರೂ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಮೀಟರ್ ನೋಡುತ್ತಾ, "ಹದಿನಾಲ್ಕು ಪಾಯಿಂಟ್ ಒಂದು" ಅಂದಳು. ಕನ್ನಡದಲ್ಲಿ, ಮೆಲ್ಲಗೆ. ಆಮೇಲೆ ಟೇಪು ಹರಿದು ಅಪ್ಪನ ಹಾಗೆ ಕನ್ನಡ ಅಂಕಿಯಲ್ಲೇ ಬರೆದು ಅಂಟಿಸಿದಳು. ಇವತ್ತು ಅಮ್ಮನನ್ನು ಹಿಂದೆ ಕೂರಿಸಿಕೊಂಡು ಅದೇ ಗಾಡಿಯಲ್ಲಿ ಬಂದಿದ್ದಾಳೆ.

ನಿಮ್ಮಲ್ಲಿ ನನ್ನದೊಂದೇ ವಿನಂತಿ. ಯಾರಾದರೂ ಸುಸ್ತು ಅಂದರೆ ನನ್ನ ಹಾಗೆ ನಗಬೇಡಿ. ಅಳೆಸಿದ್ರಾ ಅಂತ ಕೇಳಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ರಾಯರು ಹೇಳುತ್ತಿದ್ದ ಹಾಗೆಯೇ —

ಒಂದು ನಿಮಿಷ ಯಾರೂ ಮಾತಾಡಬೇಡಿ.